ಗೀರು

ಎತ್ತಿನ ಮೈಮೇಲೆ ಗೀರು ಬಿದ್ದರೆ ಅರಿಸಿನ ಮೆತ್ತುತ್ತಾರೆ. ನಾಲ್ಕು ದಿನದಲ್ಲಿ ವಾಸಿಯಾಗುತ್ತದೆ. ಎತ್ತಿನ ಗಾಡಿಗೆ ಗೀರು ಬಿದ್ದರೆ ಯಾರೂ ಏನನ್ನೂ ಮೆತ್ತುವುದಿಲ್ಲ. ಅದನ್ನು ಗೀರೆಂದು ಕರೆಯುವವರೂ ಇಲ್ಲ. ಆದರೆ ಮೋಟಾರು ಕಾರಿನ ಮೇಲೆ ಕೂದಲೆಳೆಯಷ್ಟು ಗೀರು ಬೀಳಲಿ, ಅದರ ಯಜಮಾನನ ಎದೆಯ ಮೇಲೆಯೇ ಯಾರೋ ಎಳೆದ ಹಾಗಾಗುತ್ತದೆ. ಇದೇಕೆ ಹೀಗೆ ಎಂದು ನಾನು ಯೋಚಿಸಿದ್ದುಂಟು. ಗೀರು ಬಿದ್ದ ಕಾರು ಗೀರು ಬೀಳದ ಕಾರಿನಷ್ಟೇ ವೇಗವಾಗಿ ಓಡುತ್ತದೆ. ಅಷ್ಟೇ ಪೆಟ್ರೋಲು ಕುಡಿಯುತ್ತದೆ. ಸಂತೆಯ ದಿನ ಅಷ್ಟೇ ಸಾಮಾನು ಹೊರುತ್ತದೆ. ಆದರೂ ಮನಸ್ಸು ಒಪ್ಪದು. ಅದರ ಹೊಳಪಿನಲ್ಲಿ ನಾವು ದಿನವೂ ನಮ್ಮ ಮುಖ ನೋಡಿಕೊಂಡಿರುತ್ತೇವೆ. ಆ ಮುಖಕ್ಕೆ ಅಡ್ಡಗೆರೆ ಬಿದ್ದರೆ ಸಹಿಸುವುದು ಕಷ್ಟವೆಂದು ತೋರುತ್ತದೆ.

ನಾನು ಕಾರಿನ ಯಜಮಾನನಾದದ್ದು ಇಳಿವಯಸ್ಸಿನಲ್ಲಿ. ಮೂವತ್ತಮೂರು ವರ್ಷ ಮೇಷ್ಟರ ಕೆಲಸ ಮಾಡಿ, ಸರ್ವೀಸನ್ನೆಲ್ಲ ಸೈಕಲ್ಲಿನ ಮೇಲೆಯೇ ಮುಗಿಸಿ, ಪಿಂಚಣಿಯೊಂದಿಗೆ ರಾವಂದೂರಿನ ಹಳೆಯ ಮನೆಗೆ ಬಂದು ಸೇರಿದವನು ನಾನು. 2019ರಲ್ಲಿ, ಬೆಂಗಳೂರಿನಲ್ಲಿರುವ ಮಗ ತಾನು ಹೊಸ ಕಾರು ಕೊಂಡಾಗ, ಹಳೆಯದನ್ನು ತಂದು ನಮ್ಮ ಜಗುಲಿಯ ಮುಂದೆ ನಿಲ್ಲಿಸಿದ. “ಅಮ್ಮನನ್ನ ಮೈಸೂರಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋದಕ್ಕೆ ಇರಲಿ ಅಪ್ಪಾ” ಎಂದ. ಪುಟ್ಟ ಕಾರು; ಬಣ್ಣ ಕಡು ನೀಲಿ, ಮಳೆಗಾಲದ ಮುಂಚಿನ ಮೋಡದಂಥದು. ಅರವತ್ತು ದಾಟಿದ ಮೇಲೆ ನಾನು ಅದನ್ನು ನಡೆಸಲು ಕಲಿತೆ. ಕಲಿತದ್ದು ಹೇಗೆ, ಕಲಿಯುವಾಗ ಯಾರ ಯಾರ ಬೇಲಿ ಹೋಯಿತು ಎಂಬುದು ಇಲ್ಲಿ ಅಪ್ರಸ್ತುತ.

ರಾವಂದೂರು ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಹೋಬಳಿ. ಸುತ್ತಲೂ ಹೊಗೆಸೊಪ್ಪಿನ ಹೊಲಗಳು, ಅಲ್ಲಲ್ಲಿ ಸೊಪ್ಪು ಬೇಯಿಸುವ ಬ್ಯಾರನ್ನುಗಳು, ಈಚೆಗೆ ಶುಂಠಿಯ ಪಾತಿಗಳು. ಮಣ್ಣು ಕೆಂಪು. ಬೇಸಿಗೆ ಕಳೆಯುವ ಹೊತ್ತಿಗೆ ಹೊಲಗಳನ್ನು ಉತ್ತು ಹದ ಮಾಡುವ ಕಾಲ. ಟ್ರ್ಯಾಕ್ಟರುಗಳು ಓಡಾಡಿದ ಹಿಂದೆಯೇ ಧೂಳು ಎದ್ದು, ಊರ ಮೇಲೆ ಕೆಂಪು ಸೆರಗು ಹಾಸಿದಂತೆ ಇಳಿಯುತ್ತದೆ. ಧೂಳಿಗೆ ಬಡವ ಬಲ್ಲಿದರೆಂಬ ಭೇದವಿಲ್ಲ. ಆದರೆ ಕಡು ನೀಲಿ ಬಣ್ಣದ ಮೇಲೆ ಅದಕ್ಕೆ ವಿಶೇಷ ಪ್ರೀತಿ.

ಆದುದರಿಂದ ದಿನವೂ ಬೆಳಗ್ಗೆ ಆರೂವರೆಗೆ ಕಾಫಿಯಾದ ಕೂಡಲೇ ಕಾರು ಒರೆಸುವುದು ನನ್ನ ನಿತ್ಯಕರ್ಮವಾಯಿತು. ಹಳೆಯ ಪಂಚೆಯ ತುಂಡೊಂದನ್ನು ಅದಕ್ಕೆಂದೇ ಮೀಸಲಿಟ್ಟಿದ್ದೆ. ಬಾನೆಟ್ಟಿನಿಂದ ಆರಂಭಿಸಿ, ಬಾಗಿಲುಗಳನ್ನು ಮುಗಿಸಿ, ತುದಿಗಾಲಿನಲ್ಲಿ ನಿಂತು ಮೇಲ್ಛಾವಣಿಯ ಅಂಚನ್ನೂ ಒರೆಸಿ, ಬಟ್ಟೆಯನ್ನು ಒಮ್ಮೆ ಕೊಡವಿ, ನಾಲ್ಕು ಮಡಿಕೆ ಮಾಡಿ ಡಿಕ್ಕಿಯಲ್ಲಿಟ್ಟರೆ ನನಗೆ ಪೂಜೆ ಮುಗಿಸಿದಷ್ಟು ಸಮಾಧಾನ. ಇದನ್ನು ನೋಡಿ ನನ್ನಾಕೆ, “ಮದುವೆಯಾಗಿ ನಲವತ್ತು ವರ್ಷವಾಯಿತು. ಒಂದು ದಿನ ಒಂದು ಕಿಟಕಿ ಒರೆಸಿದವರಲ್ಲ” ಎಂದು ಹೇಳುವಳು. ಕಿಟಕಿ ಬೇರೆ, ಕಾರು ಬೇರೆ ಎಂಬುದನ್ನು ಹೆಂಗಸರಿಗೆ ವಿವರಿಸುವುದು ಸುಲಭವಲ್ಲವೆಂದು ನಾನು ಸುಮ್ಮನಾಗುತ್ತಿದ್ದೆ.

ಎದುರು ಮನೆಯಲ್ಲಿ ಒಬ್ಬ ಹುಡುಗನಿದ್ದಾನೆ. ಆಗ ಐದನೆಯ ತರಗತಿ. ಅವನ ತಂದೆಗೆ ಎರಡು ಎಕರೆ ಹೊಗೆಸೊಪ್ಪು. ಹುಡುಗ ದಿನಕ್ಕೊಮ್ಮೆಯಾದರೂ ನಮ್ಮ ಮನೆಗೆ ಬಂದು, ಪತ್ರಿಕೆಯಲ್ಲಿ ಮಕ್ಕಳಿಗೆಂದು ಇರುವುದನ್ನೆಲ್ಲ ಓದಿ, ನನ್ನಾಕೆ ಕೊಟ್ಟ ಮಜ್ಜಿಗೆ ಕುಡಿದು ಹೋಗುತ್ತಿದ್ದ. ನನಗೂ ಅಭ್ಯಾಸ ಬಿಟ್ಟಿರಲಿಲ್ಲ. ಲೆಕ್ಕ ಕೊಡುತ್ತಿದ್ದೆ, ಮಗ್ಗಿ ಕೇಳುತ್ತಿದ್ದೆ. 2024ರ ಯುಗಾದಿಗೆ ವಾರವೊಂದಿರುವಾಗ ನಾನು ಎರಡು ದಿನ ನೆಂಟರ ಮನೆಗೆ ಹೋಗಿದ್ದೆ. ಬಂದು ನೋಡುವಾಗ ಕಾರಿನ ಹಿಂದಿನ ಗಾಜಿನ ಧೂಳಿನ ಮೇಲೆ ಬೆರಳಿನಿಂದ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ‘ನನಗೂ ಸ್ತಾನ ಮಾಡಿಸಿ ತಾತ.’ ನಾನು ನಕ್ಕೆ. ಹುಡುಗನನ್ನು ಕರೆದು, ತಕಾರಕ್ಕೆ ಬದಲು ನಕಾರ ಒತ್ತು ಕೊಡಿಸಿ, ‘ಸ್ನಾನ’ ಎಂದು ತಿದ್ದಿಸಿದೆ. ಆ ದಿನ ನಾವಿಬ್ಬರೂ ಸಂತೋಷವಾಗಿಯೇ ಇದ್ದೆವು.

ಯುಗಾದಿಗೆ ಮಗ ಬಂದ. ಹಬ್ಬದ ದಿನ ಸಂಜೆ, ಸೂರ್ಯ ಓರೆಯಾಗಿ ಬೀಳುವ ಹೊತ್ತಿನಲ್ಲಿ, ಅವನು ಜಗುಲಿಯಲ್ಲಿ ನಿಂತು ಕಾರಿನ ಕಡೆ ನೋಡಿ, “ಇದೇನಪ್ಪಾ, ಬಾನೆಟ್ ತುಂಬ ಜೇಡರ ಬಲೆ ಕಟ್ಟಿದ ಹಾಗಿದೆ?” ಎಂದ. ನಾನು ಹತ್ತಿರ ಹೋಗಿ ನೋಡಿದೆ. ನಿಜ. ನೀಲಿಯ ಮೇಲೆ ಸೂರ್ಯನ ಬಿಂಬ. ಆ ಬಿಂಬದ ಸುತ್ತ ನೂರಾರು ಸಣ್ಣ ಗೀರುಗಳು, ಬೆಳ್ಳಿಯ ಎಳೆಗಳಂತೆ, ಸುತ್ತು ಸುತ್ತಾಗಿ. ದಿನವೂ ಬೆಳಗ್ಗೆ ನೆರಳಿನಲ್ಲಿ ಒರೆಸುತ್ತಿದ್ದ ನನಗೆ ಅದುವರೆಗೆ ಅವು ಕಂಡೇ ಇರಲಿಲ್ಲ.

ಕೋಪ ಬಂದವನಿಗೆ ತರ್ಕ ಬಹಳ ಬೇಗ ಬರುತ್ತದೆ. ಕಾರಿನ ಮೇಲೆ ಬರೆದವನು ಯಾರು? ಎದುರು ಮನೆಯ ಹುಡುಗ. ಬರೆದವನೇ ಗೀಚಿದವನು. ಗಾಜಿನ ಮೇಲಿನ ಬರಹಕ್ಕೆ ನಾನೇ ನಕ್ಕು ಪ್ರೋತ್ಸಾಹ ಕೊಟ್ಟೆ. ಅದರ ಫಲ ಇದು. ಹೀಗೆ ಮೂರು ವಾಕ್ಯದಲ್ಲಿ ವಿಚಾರಣೆ ಮುಗಿಯಿತು. ಹುಡುಗನನ್ನು ಕರೆಸಿದೆ. ಅವನು ಹೊಸ ಅಂಗಿ ತೊಟ್ಟುಕೊಂಡು ಬಂದ.

“ಇದನ್ನು ಮಾಡಿದವನು ನೀನೇ ಏನೋ?”

“ನಾನಲ್ಲ ತಾತ. ನಾನು ಗಾಜಿನ ಮೇಲೆ ಬರ್ದಿದ್ದು. ಅದ್ನ ಮುಟ್ಟೇ ಇಲ್ಲ.”

“ಸುಳ್ಳು ಹೇಳಬೇಡ.”

ಈ ಮೂರನೆಯ ಮಾತನ್ನು ಮೇಷ್ಟರ ದನಿಯಲ್ಲಿ ಹೇಳಿದೆ. ಅದು ಬೀದಿಗೆ ಕೇಳಿಸುವ ದನಿ. ಹುಡುಗನ ತಂದೆ ಬಂದ. “ಮೇಷ್ಟ್ರ ಕಾರಿಗೆ ಗೀಚ್ದೇನ್ಲಾ?” ಎಂದವನೇ ಬೆನ್ನ ಮೇಲೆ ಎರಡು ಬಿಗಿದ. ನಾನು ತಡೆಯುವಷ್ಟರಲ್ಲಿ ಆಗಿಹೋಯಿತು ಎಂದು ಆ ರಾತ್ರಿ ನನಗೆ ನಾನೇ ಹೇಳಿಕೊಂಡೆ. ಆದರೆ ಎರಡನೆಯ ಏಟಿಗೂ ಮೊದಲನೆಯದಕ್ಕೂ ನಡುವೆ, ಒಂದು ಕೈ ಅಡ್ಡ ಹಿಡಿಯುವಷ್ಟು ಹೊತ್ತು ಇದ್ದೇ ಇತ್ತು. ಹುಡುಗ ಅಳಲಿಲ್ಲ. ನನ್ನ ಮುಖವನ್ನು ಒಮ್ಮೆ ನೋಡಿ ಮನೆಗೆ ಹೋದ.

ಮರುದಿನದಿಂದ ಅವನು ಬರಲಿಲ್ಲ. ಪತ್ರಿಕೆ ಮಡಿಸಿದ್ದು ಮಡಿಸಿದ ಹಾಗೇ ಬಿದ್ದಿರುತ್ತಿತ್ತು. ನನ್ನಾಕೆ ನಾಲ್ಕು ದಿನ ಮಜ್ಜಿಗೆಯ ಲೋಟ ತುಂಬಿಟ್ಟು, ಐದನೆಯ ದಿನ, “ಆ ಮಗು ಹಾಗೆ ಮಾಡಿಲ್ಲ ಅಂತ ನನಗನ್ನಿಸುತ್ತೆ” ಎಂದಳು. ಅವಳಿಗೆ ಏನೂ ಆಧಾರವಿರಲಿಲ್ಲ. ನನಗಿದೆ ಎಂದು ನಾನು ತಿಳಿದಿದ್ದೆ.

ಏಪ್ರಿಲ್ 26ರಂದು ಲೋಕಸಭೆಯ ಚುನಾವಣೆ. ನಾವಿಬ್ಬರೂ ಮತ ಹಾಕಿ ಬಂದೆವು. ಎಡಗೈ ತೋರುಬೆರಳಿಗೆ ಹಾಕುವ ಆ ಮಸಿ ನಮ್ಮ ಮೈಸೂರಿನದೇ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಆರಂಭವಾದದ್ದು ಈಗಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್; 1962ರ ಮಹಾಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಅಲ್ಲಿಯ ಮಸಿ. ಅದರಲ್ಲಿರುವ ಬೆಳ್ಳಿಯ ಲವಣ ಚರ್ಮದೊಳಕ್ಕೆ ಹಿಡಿದು, ಬೆಳಕಿಗೆ ಕಪ್ಪಾಗುತ್ತದೆ. ಸೀಗೆಪುಡಿಗೂ ಹೋಗದು, ಸಾಬೂನಿಗೂ ಹೋಗದು. ಚರ್ಮ ತಾನಾಗಿ ಹೊಸದಾಗಬೇಕು. ಉಗುರಾದರೆ ಬೆಳೆದು ಮುಂದಕ್ಕೆ ಸರಿಯಬೇಕು. ಮನುಷ್ಯನ ಮೈಯ ಅನುಕೂಲ ಇದು: ಕಾಯುವ ತಾಳ್ಮೆಯಿದ್ದರೆ ಗುರುತು ತಾನೇ ಹೋಗುತ್ತದೆ. ಕಾರಿನ ಮೈ ಬೆಳೆಯುವುದಿಲ್ಲ. ಅದಕ್ಕೆ ಮೇಸ್ತ್ರಿಯೇ ಬೇಕು.

ಮೇಸ್ತ್ರಿ ಸಿಕ್ಕಿದ್ದು ಪಿರಿಯಾಪಟ್ಟಣದಲ್ಲಿ, ಹೆದ್ದಾರಿಯ ಪಕ್ಕದ ಒಂದು ತಗಡಿನ ಶೆಡ್ಡಿನಲ್ಲಿ. ಹೊರಗೆ ‘ಟಿಂಕರಿಂಗ್ ಮತ್ತು ಡ್ಯೂಕೋ ಪೇಂಟಿಂಗ್’ ಎಂಬ ಹಲಗೆ. ಈ ಡ್ಯೂಕೋ ಎಂಬುದು ಮೊದಲು ಅಮೆರಿಕದ ಡ್ಯೂಪಾಂಟ್ ಕಂಪನಿಯವರು 1923ರಲ್ಲಿ ತಂದ ಬಣ್ಣದ ಹೆಸರು. ಅದಕ್ಕೆ ಮುಂಚೆ ಕಾರಿಗೆ ಕುಂಚದಿಂದ ವಾರ್ನಿಷ್ ಹಚ್ಚಿ, ಒಂದೊಂದು ಪದರವೂ ಒಣಗಲೆಂದು ವಾರಗಟ್ಟಲೆ ಕಾಯುತ್ತಿದ್ದರಂತೆ. ಡ್ಯೂಕೋ ಬೇಗ ಒಣಗಿತು. ಕಾರುಗಳೂ ಬೇಗ ಬೇಗ ಕಾರ್ಖಾನೆಯಿಂದ ಹೊರಬಿದ್ದವು. ಆ ಬಣ್ಣದ ಕಾಲ ಮುಗಿದು ಎಷ್ಟೋ ವರ್ಷವಾದರೂ ನಮ್ಮ ಶೆಡ್ಡುಗಳ ಹಲಗೆಯ ಮೇಲೆ ಹೆಸರು ಮಾತ್ರ ಉಳಿದಿದೆ.

ಮೇಸ್ತ್ರಿಗೆ ನನ್ನ ವಯಸ್ಸೇ ಇರಬಹುದು. ಹುಡುಗನಾಗಿದ್ದಾಗ ಮೈಸೂರಿನಲ್ಲಿ ಕೆಲಸ ಕಲಿತನಂತೆ. ಅದು ಜಾವಾ ಬೈಕುಗಳ ಕಾಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಆರಂಭವಾಗಿ 1996ರಲ್ಲಿ ಮುಚ್ಚಿತು. ಆ ನಡುವೆ ಮೈಸೂರಿನ ಯಾವ ಬೀದಿಯಲ್ಲಿ ನಿಂತರೂ ಆ ಬೈಕಿನ ಸದ್ದು ಕೇಳದೆ ಇರುತ್ತಿರಲಿಲ್ಲ. “ಆ ಮರೂನ್ ಬಣ್ಣದ ಮೇಲೆ ಬಂಗಾರದ ಗೆರೆ ಎಳ್ದಿರೋರು ಮೇಷ್ಟ್ರೇ. ಕೆಲವರು ಹೊಳೀಲಿ ಹೊಳೀಲಿ ಅಂತ ದಿನಾ ಉಜ್ಜಿ ಉಜ್ಜಿ, ಆ ಗೆರೇನೇ ಅಳಿಸ್ಬುಟ್ರು” ಎಂದ. ನನ್ನ ಕಡೆ ನೋಡಿ ಹೇಳಿದನೋ, ಸುಮ್ಮನೆ ಹೇಳಿದನೋ ತಿಳಿಯಲಿಲ್ಲ.

ನಾನು ಹುಡುಗನ ಕಥೆ ಹೇಳಿದೆ. ಅವನು ಉತ್ತರ ಕೊಡದೆ ಮೊದಲು ಒಂದು ಚೊಂಬು ನೀರು ತಂದು ಬಾನೆಟ್ಟಿನ ಮೇಲೆ ಹುಯ್ದ. ಗೀರುಗಳೆಲ್ಲ ಮಾಯವಾದವು. ನನಗೆ ಆಶ್ಚರ್ಯ. “ಒಣಗಿದ್ ಮೇಲೆ ಮತ್ತೆ ಬರ್ತವೆ. ನೀರು ಗೀರಿನೊಳಗೆ ತುಂಬ್ಕತದೆ, ಅದ್ಕೆ ಕಾಣಲ್ಲ. ಒದ್ದೆಯಾದಾಗ ಮಾಯವಾಗೋ ಗೀರು ಮೇಲಿಂದು; ಹೆದರ್ಬೇಡಿ” ಎಂದ. ಆಮೇಲೆ, “ನಿಮ್ಮ ಉಗುರು ಆಡಿಸಿ ನೋಡಿ” ಎಂದ. ಮಸಿ ಮೆತ್ತಿದ ತೋರುಬೆರಳಿನ ಉಗುರನ್ನೇ ಗೀರುಗಳಿಗೆ ಅಡ್ಡವಾಗಿ ಮೆಲ್ಲನೆ ಆಡಿಸಿದೆ. ಎಲ್ಲಿಯೂ ತಡೆಯಲಿಲ್ಲ. ಉಗುರು ತಡೆದರೆ ಗೀರು ಆಳ, ತಡೆಯದಿದ್ದರೆ ಉಜ್ಜಿದರೆ ಹೋಗುತ್ತದೆ, ಎಂಬುದು ಅವರ ಶಾಸ್ತ್ರ. ಹಿಂದಿನ ಬಾಗಿಲಿನ ಹತ್ತಿರ ಮಾತ್ರ, ಬೆರಳುದ್ದದ ಒಂದು ಗೀರಿನ ಮೇಲೆ, ಉಗುರು ಟಕ್ಕೆಂದು ನಿಂತಿತು.

“ಇದು ಬೇರೆ, ಅವು ಬೇರೆ” ಎಂದ ಮೇಸ್ತ್ರಿ. “ಹುಡುಗ್ರು ಕಲ್ಲಲ್ಲೋ ಮೊಳೇಲೋ ಗೀಚಿದ್ರೆ ಒಂದು ಗೆರೆ ಬೀಳ್ತದೆ. ಅದ್ಕೆ ಒಂದು ಮೊದಲು, ಒಂದು ಕೊನೆ ಇರ್ತದೆ. ಬಾನೆಟ್ ಮೇಲೆ ಇರೋವು ಸಾವಿರ. ಯಾವ್ದುಕ್ಕೂ ಮೊದ್ಲಿಲ್ಲ, ಕೊನೇನೂ ಇಲ್ಲ.” ಹೀಗೆಂದು ಟಾರ್ಚು ಹಚ್ಚಿ ಕಾರಿನ ಸುತ್ತ ಬಂದ. ದೀಪ ಸರಿದ ಹಾಗೆಲ್ಲ ಆ ಜೇಡರ ಬಲೆಯೂ ದೀಪದ ಜೊತೆಯಲ್ಲಿ ಸರಿಯಿತು. ಗೀರುಗಳು ಎಲ್ಲ ದಿಕ್ಕಿಗೂ ಇರುತ್ತವಂತೆ. ದೀಪಕ್ಕೆ ಅಡ್ಡವಾದವು ಮಾತ್ರ ಮಿಂಚುವುದರಿಂದ ನಮ್ಮ ಕಣ್ಣಿಗೆ ಚಕ್ರದ ಹಾಗೆ ಕಾಣುತ್ತವೆ. ಬಾಗಿಲುಗಳ ಮೇಲೆ ಗೀರುಗಳಿದ್ದವು. ಮೇಲ್ಛಾವಣಿಯ ಅಂಚಿನಲ್ಲಿ ಇದ್ದವು. ಆದರೆ ಛಾವಣಿಯ ನಡುವಿನ ಒಂದು ಮೊಳದಷ್ಟು ಜಾಗ ಕಾರ್ಖಾನೆಯಿಂದ ಬಂದ ದಿನದ ಹಾಗೆ ಸ್ವಚ್ಛವಾಗಿತ್ತು.

“ಆ ಹುಡ್ಗ ಎಷ್ಟು ಎತ್ತರ ಮೇಷ್ಟ್ರೇ?”

ನನ್ನ ಎದೆಯ ಮಟ್ಟಕ್ಕೆ ಕೈ ಹಿಡಿದು ತೋರಿಸಿದೆ.

“ಹಂಗಾದ್ರೆ ಮೇಲ್ಗಡೆ ಅಂಚಿಗೆ ಅವನ ಕೈ ಎಲ್ಲಿ ಎಟುಕ್ತದೆ? ಯಾರ ಕೈ ಅಂಚಿಗೆ ಎಟುಕಿ, ನಡೂಕೆ ಎಟುಕಲ್ವೋ ಅವ್ರು ಮಾಡಿರೋದು ಇದು. ಯಾವ ಬಟ್ಟೇಲಿ ಒರುಸ್ತೀರಿ?”

ಡಿಕ್ಕಿಯಿಂದ ಪಂಚೆಯ ತುಂಡನ್ನು ತೆಗೆದುಕೊಟ್ಟೆ. ಅವನು ಒಂದು ಬಿಳಿಯ ಕಾಗದ ಹಾಸಿ ಅದರ ಮೇಲೆ ಬಟ್ಟೆಯನ್ನು ಕೊಡವಿದ. ಕುಂಕುಮದ ಭರಣಿ ಚೆಲ್ಲಿದ ಹಾಗೆ ಕೆಂಪು ಪುಡಿ ಬಿತ್ತು. ಬೆರಳಿನಲ್ಲಿ ತಿಕ್ಕಿ ನೋಡಿದರೆ ಗರಗರ ಎನ್ನುತ್ತದೆ.

“ಇದು ಬಟ್ಟೆಯಲ್ಲ ಮೇಷ್ಟ್ರೇ, ಎಮರಿ ಪೇಪರು” ಎಂದ.

ಓದುಗರೇ, ನಾನು ವಿಜ್ಞಾನ ಪಾಠ ಮಾಡಿದವನು. ಜರ್ಮನಿಯ ಮೋಸ್ ಎಂಬಾತ 1812ರಲ್ಲಿ ಖನಿಜಗಳ ಗಡಸುತನಕ್ಕೆ ಹತ್ತು ಮೆಟ್ಟಿಲಿನ ಏಣಿ ಮಾಡಿದ. ಯಾವುದು ಯಾವುದನ್ನು ಗೀರುತ್ತದೆ ಎಂಬುದೇ ಅದರ ಲೆಕ್ಕ. ಬೆಣಚುಕಲ್ಲು ಅದರಲ್ಲಿ ಏಳನೆಯ ಮೆಟ್ಟಿಲು. ಕಿಟಕಿಯ ಗಾಜೂ ಅದಕ್ಕಿಂತ ಮೆತ್ತಗೆ. ಇದನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ! ನಮ್ಮ ಹೊಲದ ಮಣ್ಣಿನಲ್ಲಿ ಬೆಣಚಿನ ಪುಡಿ ಇರುತ್ತದೆಂಬುದೂ ಗೊತ್ತು. ಆ ಪುಡಿಯನ್ನು ಬಟ್ಟೆಗೆ ಮೆತ್ತಿ ದಿನವೂ ಬೆಳಗ್ಗೆ ಭಕ್ತಿಯಿಂದ ಕಾರಿಗೆ ತಿಕ್ಕುತ್ತಿದ್ದೇನೆಂಬುದು ಮಾತ್ರ ಹೊಳೆದಿರಲಿಲ್ಲ. ಐದು ವರ್ಷ ನಾನು ಮಾಡಿದ್ದು ಶುಚಿಯ ಕೆಲಸವೆಂದು ನಂಬಿದ್ದೆ. ಗೀರುಗಳೆಲ್ಲ ಆ ಶುಚಿಯಿಂದಲೇ ಬಿದ್ದಿದ್ದವು.

ಮೇಸ್ತ್ರಿ ಕೆಲಸ ಆರಂಭಿಸಿದ. ಮೊದಲು ಧಾರಾಳವಾಗಿ ನೀರು ಹರಿಸಿ ಧೂಳು ತೊಳೆದ, ಸಾಬೂನು ನೀರಿನಲ್ಲಿ ಮತ್ತೊಮ್ಮೆ ತೊಳೆದ, ನೆರಳಿನಲ್ಲಿ ಒಣಗಿಸಿದ. ಬಿಸಿಲಿಗೆ ಕಾದ ತಗಡಿನ ಮೇಲೆ ಉಜ್ಜಬಾರದಂತೆ. ಮದ್ದು ಒಣಗಿ ಹಿಡಿದುಕೊಳ್ಳುತ್ತದೆ. ಮೂಲೆಯಲ್ಲಿ ಬಿಳಿಯ ಬಟ್ಟೆಯಿಂದ ಸ್ವಲ್ಪ ಉಜ್ಜಿ ನೋಡಿ, ಬಟ್ಟೆಗೆ ನೀಲಿ ಹತ್ತಲಿಲ್ಲವೆಂದು ತೋರಿಸಿದ. ಹಿಂದಿನ ಕಾಲದ ಕಾರುಗಳಿಗೆ ಬಣ್ಣವೇ ಕೊನೆಯ ಪದರ. ಈಗಿನವಕ್ಕೆ ಬಣ್ಣದ ಮೇಲೆ ಗಾಜಿನಂಥ ಬಣ್ಣವಿಲ್ಲದ ವಾರ್ನಿಷ್ ಪದರವೊಂದಿರುತ್ತದೆ. ಸಣ್ಣ ಗೀರುಗಳೆಲ್ಲ ಅದರಲ್ಲೇ ಇರುವುದು. ಆ ಪದರದ ದಪ್ಪ ಸುಮಾರು 40ರಿಂದ 50 ಮೈಕ್ರಾನ್. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರು. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 70. ಅಂದರೆ ಕಾರಿನ ಹೊಳಪೆಲ್ಲ ಒಂದು ಕೂದಲೆಳೆಗಿಂತ ತೆಳುವಾದದ್ದರ ಮೇಲೆ ನಿಂತಿದೆ.

ಮೆತ್ತನೆಯ ಬಟ್ಟೆಗೆ ಕಾಂಪೌಂಡೆಂಬ ಬೆಣ್ಣೆಯಂಥ ಮದ್ದನ್ನು ಕಡಲೆಕಾಳಿನಷ್ಟು ತೆಗೆದುಕೊಂಡು, ಒಂದು ಗೇಣು ಜಾಗವನ್ನು ಮಾತ್ರ ಹಿಂದಕ್ಕೂ ಮುಂದಕ್ಕೂ ನೇರವಾಗಿ ಉಜ್ಜಿದ. ಒರೆಸಿ, ಟಾರ್ಚು ಬಿಟ್ಟು ನೋಡಿದ. ಮತ್ತೆ ಉಜ್ಜಿದ. ಜೇಡರ ಬಲೆ ಕರಗುತ್ತ ಬಂದು, ಆ ಗೇಣು ಜಾಗದಲ್ಲಿ ಶೆಡ್ಡಿನ ತಗಡು, ಅದರ ತೂತು, ತೂತಿನೊಳಗಿನ ಆಕಾಶ ಎಲ್ಲ ಸ್ಪಷ್ಟವಾಗಿ ಕಾಣಿಸಿತು.

“ಈ ಮದ್ದು ಗೀರನ್ನು ತುಂಬುತ್ತದೆ, ಅಲ್ಲವೆ?” ಎಂದು ಕೇಳಿದೆ.

ಅವನು ನಕ್ಕ. “ಎಲ್ಲಾ ಹಂಗೇ ತಿಳ್ಕಂಡವ್ರೆ. ಗೀರ್ನ ಯಾರೂ ತುಂಬಲ್ಲ ಮೇಷ್ಟ್ರೇ. ಗೀರು ಎಷ್ಟು ಕೆಳಗದೆಯೋ ಸುತ್ತ ಇರೋದ್ನ ಅಷ್ಟು ಕೆಳಕ್ಕೆ ಇಳುಸ್ತೀವಿ. ಇದ್ರೊಳಗೂ ಪುಡಿ ಇರ್ತದೆ, ಬಲು ನಯವಾದ್ದು. ಎಲ್ಲಾನೂ ಒಂದು ಮಟ್ಟಕ್ಕೆ ಬಂದ್ರೆ ಗೀರು ಎಲ್ಲಿರ್ತದೆ?” ಸ್ವಲ್ಪ ಹೊತ್ತು ಬಿಟ್ಟು, “ಮೇಣ ತುಂಬಿ ಮುಚ್ಚೋರೂ ಅವ್ರೆ. ಆವತ್ತು ಚೆನ್ನಾಗಿ ಕಾಣ್ತದೆ. ನಾಕು ಸಲ ತೊಳುದ್ರೆ ಗೀರು ಮತ್ತೆ ಎದ್ದು ಕೂರ್ತದೆ” ಎಂದ. ಇಳಿಸುವುದಕ್ಕೂ ಮಿತಿಯುಂಟಂತೆ. ಪ್ರತಿಸಲವೂ ಪದರ ಅಷ್ಟಷ್ಟು ತೆಳುವಾಗುತ್ತದೆ. ಮೇಲಿಂದ ಮೇಲೆ ಮಾಡಿದರೆ ಒಂದು ದಿನ ಕೆಳಗಿನ ಬಣ್ಣವೇ ಸಿಕ್ಕುತ್ತದೆ. ಆದ್ದರಿಂದ ತೆಗೆಯುವುದಕ್ಕಿಂತ ಬೀಳದಂತೆ ನೋಡಿಕೊಳ್ಳುವುದು ಮೇಲು.

ಬಾಗಿಲ ಹತ್ತಿರದ ಆಳದ ಗೀರನ್ನು ಅವನು ಉಜ್ಜಲಿಲ್ಲ. “ಇದ್ರ ಮಟ್ಟಕ್ಕೆ ಇಳಿಸೋಕೋದ್ರೆ ಬಾಗ್ಲೇ ಹಾಳು” ಎಂದು, ತುಕ್ಕು ಹಿಡಿಯದಿರಲೆಂದು ಸಣ್ಣ ಕುಂಚದಿಂದ ನೀಲಿ ಮುಟ್ಟಿಸಿ ಬಿಟ್ಟ. ಬಣ್ಣ ಹೊಂದಿತು, ಗೀರು ಮಾತ್ರ ನೋಡಿದವರಿಗೆ ಕಾಣುವಂತೆಯೇ ಉಳಿಯಿತು.

ಕಾರು ಹೊಳೆಯುತ್ತಿತ್ತು. ನಾನು ಅದನ್ನು ನಡೆಸಿಕೊಂಡು ಊರಿಗೆ ಬರುವಾಗ ಹೊಳಪಿನ ಕಡೆ ನನ್ನ ಗಮನವಿರಲಿಲ್ಲ. ಮೂವತ್ತಮೂರು ವರ್ಷದಲ್ಲಿ ನಾನು ಕೊಟ್ಟ ತೀರ್ಪುಗಳು ನೆನಪಾಗುತ್ತಿದ್ದವು. ಸೀಮೆಸುಣ್ಣದ ಡಬ್ಬಿ ಕಾಣೆಯಾದ ದಿನ, ಭೂಪಟ ಹರಿದ ದಿನ, ಇಡೀ ತರಗತಿಯ ಮುಂದೆ ಒಬ್ಬನನ್ನು ಎಬ್ಬಿಸಿ ನಿಲ್ಲಿಸಿದ ದಿನಗಳು. ಆ ತೀರ್ಪುಗಳಿಗೆಲ್ಲ ಆಧಾರವಿತ್ತೆಂದು ಆಗ ತಿಳಿದಿದ್ದೆ. ಎಷ್ಟಕ್ಕೆ ಇತ್ತೋ! ಆ ಹುಡುಗರು ಈಗ ನಡುವಯಸ್ಸಿನವರು, ಎಲ್ಲೆಲ್ಲೋ ಇದ್ದಾರೆ. ಸಿಕ್ಕಿದರೆ ನಮಸ್ಕಾರ ಮಾಡುತ್ತಾರೆ. ಅವರ ನಮಸ್ಕಾರ ನೀರು ಹುಯ್ದ ಬಾನೆಟ್ಟಿನ ಹಾಗೆ. ಅಡಿಯಲ್ಲಿ ಏನಿದೆಯೋ ನನಗೆ ಕಾಣುವುದಿಲ್ಲ.

ದಾರಿಯಲ್ಲಿ ಬೇಕರಿಯೊಂದರ ಮುಂದೆ ನಿಲ್ಲಿಸಿ ಕಾಲು ಕೆ.ಜಿ. ಮೈಸೂರುಪಾಕು ಕಟ್ಟಿಸಿದೆ. ಮನೆಗೆ ಬಂದು ನನ್ನಾಕೆಗೆ ನಡೆದದ್ದನ್ನೆಲ್ಲ ಹೇಳಿದೆ. ಅವಳು ‘ನಾನು ಹೇಳಲಿಲ್ಲವೆ’ ಎನ್ನಲಿಲ್ಲ, ಅದೇ ದೊಡ್ಡದು. ಪೊಟ್ಟಣದ ಕಡೆ ನೋಡಿ, “ಇದೇನು?” ಎಂದಳು.

“ಎದುರು ಮನೆಯ ಹುಡುಗನಿಗೆ. ಕರೆದು ಕೊಡು. ಹಳೆಯದನ್ನೆಲ್ಲ ಮರೆಯುತ್ತಾನೆ.”

“ಆ ಮೇಸ್ತ್ರಿ ಅಷ್ಟೆಲ್ಲ ಹೇಳಿದ ಮೇಲೂ ಮೇಣ ಮೆತ್ತೋದಕ್ಕೆ ಹೊರಟಿರಾ?” ಎಂದು ಒಳಗೆ ಹೋದಳು.

ನಾನು ಜಗುಲಿಯ ಮೇಲೆ ಕುಳಿತೆ. ಬೀದಿ ದಾಟಿದರೆ ಎದುರು ಮನೆ, ಇಪ್ಪತ್ತು ಹೆಜ್ಜೆ. ಇಪ್ಪತ್ತು ಹೆಜ್ಜೆ ನಡೆಯಲು ನನಗೆ ಮಾರನೆಯ ದಿನದ ಸಂಜೆಯಾಯಿತು. ಮಗುವಿನ ಹತ್ತಿರ ತಪ್ಪೊಪ್ಪಿಕೊಳ್ಳುವುದಕ್ಕೆ ನಮ್ಮಲ್ಲಿ ಮಾತುಗಳಿಲ್ಲ. ದೊಡ್ಡವರ ಹತ್ತಿರವಾದರೆ ‘ಕ್ಷಮಿಸಬೇಕು’ ಎಂದುಬಿಡಬಹುದು. ಮಗುವಿಗೆ ಏನನ್ನಬೇಕು? ಮೇಷ್ಟರ ಭಾಷೆಯಲ್ಲಿ ಆಜ್ಞೆಗೆ ಬೇಕಾದ ಎಲ್ಲ ರೂಪಗಳೂ ಇವೆ. ಇದಕ್ಕೆ ಒಂದೂ ಒದಗಲಿಲ್ಲ.

ನಾನು ಹೋದಾಗ ತಂದೆ ಹೊಲದಿಂದ ಬಂದು ಕೈಕಾಲು ತೊಳೆಯುತ್ತಿದ್ದ. ತಾಯಿ ಚಾಪೆ ಹಾಸಿದಳು. ಹುಡುಗ ಕಂಬದ ಹಿಂದೆ ನಿಂತ. ನಾನು ಚಾಪೆಯ ಮೇಲೆ ಕುಳಿತೆ. ಆಗ ಅವನ ಮುಖ ನನ್ನ ಮುಖಕ್ಕೆ ಸಮವಾಯಿತು. ಬೇರೇನೂ ತೋಚದೆ ನಡೆದದ್ದನ್ನು ನಡೆದ ಹಾಗೆ ಹೇಳಿದೆ: “ಗೀರು ಬೀಳಿಸಿದವನು ನಾನೇ ಕಣಪ್ಪಾ. ಧೂಳಿನ ಬಟ್ಟೆಯಲ್ಲಿ ಒರೆಸಿ ಒರೆಸಿ ನಾನೇ ಬೀಳಿಸಿದ್ದು. ನಿನ್ನ ಮೇಲೆ ಹೇಳಿದೆ. ನೀನು ನಿಜ ಹೇಳಿದೆ; ಸುಳ್ಳು ಅಂದೆ. ನನ್ನದು ತಪ್ಪಾಯಿತು.”

“ಬುಡಿ ಮೇಷ್ಟ್ರೇ, ಹುಡುಗನ್ ತಾವ ನೀವು ಹಿಂಗೆಲ್ಲ ಹೇಳೋದಾ!” ಎಂದು ತಂದೆ ಗಾಬರಿಯಿಂದ ಟವಲು ಕೊಡವಿದ. ಆಮೇಲೆ ತಾನೂ ಸುಮ್ಮನಾಗಿ, ಮಗನ ಬೆನ್ನ ಮೇಲೆ, ಹಿಂದೆ ಬಿಗಿದ ಜಾಗದಲ್ಲೇ ಇರಬೇಕು, ಕೈಯಿಟ್ಟುಕೊಂಡು ನಿಂತ. ಹುಡುಗ ಏನೂ ಮಾತನಾಡಲಿಲ್ಲ. ನಾನು ಎದ್ದು ಬಂದೆ. ಮೈಸೂರುಪಾಕನ್ನು ಒಯ್ದಿರಲಿಲ್ಲ.

ಮೇ ತಿಂಗಳು ಹಾಗೇ ಕಳೆಯಿತು. ಸಿಡಿಲು ಮಲ್ಲಿಕಾರ್ಜುನನ ಬೆಟ್ಟದ ಕಡೆಯಿಂದ ಮೋಡವೆದ್ದು ನಾಲ್ಕು ಮಳೆ ಬಂತು. ಹೊಲಗಳಲ್ಲಿ ಹೊಗೆಸೊಪ್ಪಿನ ಸಸಿ ನೆಟ್ಟರು. ಶಾಲೆ ಬಾಗಿಲು ತೆರೆಯಿತು. ನಾನು ಪಂಚೆಯ ತುಂಡನ್ನು ಹಂಡೆಯ ಒಲೆಗೆ ಹಾಕಿ, ಕಾರಿನ ನಿತ್ಯಪೂಜೆ ನಿಲ್ಲಿಸಿ, ವಾರಕ್ಕೊಮ್ಮೆ ಅಭಿಷೇಕಕ್ಕೆ ಇಳಿದೆ. ಉಳಿದ ದಿನ ಧೂಳು ಧೂಳಿನ ಪಾಡಿಗೆ ಇರುತ್ತಿತ್ತು. ಉಗುರಿನ ಮಸಿ ಬುಡ ಬಿಟ್ಟು ನಡುವಿಗೆ ಬಂದಿತು.

ಜೂನ್ ಕಳೆಯುತ್ತಿದ್ದ ಒಂದು ಭಾನುವಾರ ಬೆಳಗ್ಗೆ ಬಕೆಟ್ಟಿನಲ್ಲಿ ನೀರು ಹಿಡಿದು ಹೊರಗೆ ಬಂದೆ. ಬಾನೆಟ್ಟಿನ ಮೇಲೆ ಕೈ ಹಾಕುವಷ್ಟರಲ್ಲಿ ಹಿಂದಿನಿಂದ ದನಿ: “ಕೈ ಹಾಕ್ಬೇಡಿ ತಾತ. ಮೊದ್ಲು ನೀರು ಹುಯ್ಯಿ.”

ನಾನು ನೀರು ಹುಯ್ದೆ. ಅವನು ತಂಬಿಗೆ ತೆಗೆದುಕೊಂಡು ತಾನೂ ಹುಯ್ದ. ಇಬ್ಬರೂ ಮಾತಿಲ್ಲದೆ ಒಂದು ಸುತ್ತು ಬಂದೆವು. ಹಿಂದಿನ ಬಾಗಿಲ ಹತ್ತಿರ ಬಂದಾಗ ಅವನು ನಿಂತು, ಆ ಬೆರಳುದ್ದದ ಗೀರಿನ ಮೇಲೆ ಕೈಯಿಟ್ಟು, ನನ್ನ ಕಡೆ ನೋಡದೆ,

“ಇದು ಮಾತ್ರ ನಾನೇ ತಾತ. ಸೈಕಲ್ ಬ್ರೇಕು ತಾಗ್ತು. ಹೋದ್ ದೀಪಾವಳಿಲಿ” ಎಂದ.

ದೀಪಾವಳಿಯಿಂದ ಅದು ಅಲ್ಲಿತ್ತು. ದಿನವೂ ಒರೆಸುತ್ತಿದ್ದ ನಾನು ನೋಡಿರಲಿಲ್ಲ. ಅವನು ಮಾತ್ರ ದಿನವೂ ನೋಡುತ್ತಿದ್ದಿರಬೇಕು. ಯುಗಾದಿಯ ದಿನ ನಾನು ಬಾನೆಟ್ಟನ್ನು ತೋರಿಸಿ ‘ನೀನೇ ಏನೋ’ ಎಂದಾಗ, ಈ ಗೀರು ಅವನ ಬೆನ್ನ ಹಿಂದೆಯೇ ಇತ್ತು. ಹೇಳಬೇಕೆಂದು ಬಂದ ನಿಜವನ್ನು ನಾನು ‘ಸುಳ್ಳು ಹೇಳಬೇಡ’ ಎಂದು ಅಂದೇ ಮುಚ್ಚಿಸಿದ್ದೆನೋ ಏನೋ.

“ಮೇಸ್ತ್ರಿ ಅದನ್ನು ಬಿಡಿ ಎಂದಿದ್ದಾನೆ. ಇರಲಿ ಬಿಡು” ಎಂದೆ.

“ಹೋಗಲ್ವಾ?”

“ಇಲ್ಲ. ಆದರೆ ತುಕ್ಕು ಹಿಡಿಯುವುದಿಲ್ಲ.”

ಅವನು ಇನ್ನೊಂದು ತಂಬಿಗೆ ನೀರು ಹುಯ್ದು ಬಗ್ಗಿ ನೋಡಿದ. ಮಿಕ್ಕ ಗೀರುಗಳ ಹಾಗೆ ಅದು ನೀರಿನಲ್ಲಿ ಮಾಯವಾಗಲಿಲ್ಲ. ಒಳಗಿನಿಂದ ನನ್ನಾಕೆ ಮಜ್ಜಿಗೆ ತಂದಳು, ಎರಡು ಲೋಟ.

ಆ ಗೀರು ಈಗಲೂ ಇದೆ. ಕಾರು ನೋಡಲು ಬಂದವರು ಹೊಳಪನ್ನು ಹೊಗಳಿ, “ಇದೊಂದು ಉಳಿದುಬಿಟ್ಟಿದೆಯಲ್ಲ ಮೇಷ್ಟ್ರೇ, ತೆಗೆಸಬಾರದೆ?” ಎನ್ನುತ್ತಾರೆ. ತೆಗೆಸಬೇಕಾದ್ದನ್ನು ತೆಗೆಸಿದ್ದೇನೆ ಎಂದು ಹೇಳಿ ಅವರಿಗೆ ಕಾಫಿ ಕೊಡಿಸುತ್ತೇನೆ.